ಒಂದು ವರ್ಷವಿದ್ದು ಹೋದ ಮಾಸ್ತರು

ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಪರಊರಿನವರು ಹೋಗುವುದು ಬಹುಮಟ್ಟಿಗೆ ನೀಲಮ್ಮ ತಾಯಿಯ ದರ್ಶನಕ್ಕೆ. ಕೃಷ್ಣೆಯ ದಂಡೆಯ ಊರು; ಹೊಳೆಯಾಚೆ ಕೂಡಲಸಂಗಮದ ಸೀಮೆ. ಕಲ್ಯಾಣದಲ್ಲಿದ್ದ ನೀಲಮ್ಮನನ್ನು ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ, ಅವರು ಈ ಊರನ್ನು ಮುಟ್ಟುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಬಂತೆಂದೂ, ‘ಸಂಗಮನಾಥನು ಅಲ್ಲಿದ್ದರೆ ಇಲ್ಲಿಲ್ಲವೆ?’ ಎಂಬ ಭಾವದಿಂದ ಆ ತಾಯಿ ಹೊಳೆಯನ್ನು ದಾಟದೆ ಇಲ್ಲಿಯೇ ಐಕ್ಯಳಾದಳೆಂದೂ ಜನ ಹೇಳುತ್ತ ಬಂದಿದ್ದಾರೆ.

ನಾನೂ ದರ್ಶನಕ್ಕೆಂದೇ ಹೋಗಿದ್ದೆ. ಅದು ಮುಗಿದ ಮೇಲೆ ಹೊಳೆಯ ಕಡೆ ಮುಖಮಾಡಿ ಕುಳಿತಿದ್ದಾಗ, ಅಜ್ಜಿಯೊಡನೆ ಬಂದಿದ್ದ ಒಬ್ಬ ಹುಡುಗಿ ಹತ್ತಿರ ಬಂದು ನಿಂತಳು. ಪರಊರಿನವರನ್ನು ಕಂಡರೆ ನಮ್ಮ ಕಡೆಯ ಮಕ್ಕಳಿಗೆ ಸಂಕೋಚಕ್ಕಿಂತ ಕುತೂಹಲವೇ ಹೆಚ್ಚು. ‘ಎಷ್ಟನೇ ಇಯತ್ತೆ ತಂಗಿ?’ ಎಂದೆ. ‘ನಾಕನೇತ್ತರೀ’ ಎಂದಳು. ಸಾಲೆಯಲ್ಲಿ ಈ ವಾರ ಏನು ಕಲಿಸಿದರು ಎಂದು ಕೇಳಿದೆ.

‘ನಮ್ಮ ಅಕ್ಕೋರು ಫೋನಿನಾಗ ಸಮುದ್ರ ತೋರಿಸಿದ್ರರೀ.’

ನಾನು ಒಂದು ಗಳಿಗೆ ಸುಮ್ಮನಾದೆ. ನಾನು ಸಮುದ್ರವನ್ನು ಮೊಟ್ಟಮೊದಲು ಕಂಡದ್ದೂ ಇದೇ ಜಿಲ್ಲೆಯ ಒಂದು ಸಾಲೆಯ ಕೋಣೆಯಲ್ಲಿಯೇ. ಆಗ ೧೯೭೫ನೆಯ ಇಸವಿ. ನಾನು ಕಂಡ ಸಮುದ್ರಕ್ಕೆ ಬಣ್ಣವಿರಲಿಲ್ಲ. ಅದು ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಿಂದ ಇಳಿದು ಬಂದ ಕಪ್ಪು ಬಿಳುಪಿನ ಸಮುದ್ರ.

ಬೆಂಗಳೂರಿನ ಗೆಳೆಯರಿಗೆ ಈ ಮಾತು ಹೇಳಿದಾಗ ಅವರು ಮುಗುಳ್ನಗುತ್ತಾರೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು ೧೯೮೧ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಯ ಹುಡುಗರು ಕನ್ನಡದಲ್ಲಿ ಟೀವಿ ಪಾಠ ಕೇಳಿದ್ದರು ಎಂಬುದು ರಾಜಧಾನಿಯ ಜನರಿಗೆ ನಂಬಲು ಕಷ್ಟವಾದ ಸಂಗತಿಯೇ ಸರಿ. ಅದರ ವೃತ್ತಾಂತವನ್ನು ಬರೆಯಬೇಕೆಂದು ಬಹುದಿನದಿಂದ ಇದ್ದೆ. ತಂಗಡಗಿಯ ಹುಡುಗಿ ಅದಕ್ಕೆ ನಿಮಿತ್ತವಾದಳು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾಲೆಗೆ ಯಂತ್ರ ಬಂತೆಂದರೆ ಎಂದೂ ಇಲ್ಲದ್ದು ಬಂತೆಂದು ಹೌಹಾರುವವರೂ ಇದ್ದಾರೆ, ಹಿಗ್ಗುವವರೂ ಇದ್ದಾರೆ. ಇಬ್ಬರೂ ಒಂದು ಮಾತನ್ನು ಮರೆಯುತ್ತಾರೆ: ಉಪಕರಣವಿಲ್ಲದ ಸಾಲೆ ನಮ್ಮಲ್ಲಿ ಎಂದೂ ಇರಲಿಲ್ಲ. ಗಾವಠಿ ಸಾಲೆಗಳಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಮಲಬಾರಿ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಮಕ್ಕಳಿಗೆ ಅಳವಡಿಸಿ, ೧೭೯೭ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನೇ ಅಚ್ಚುಹಾಕಿಸಿದನು. ಆಮೇಲೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೂ ಮರಳಿನ ಹಲಗೆ ನಡೆಯಿತು. ಆ ಉಪಕರಣ ನಮ್ಮಿಂದ ಅವರಿಗೆ ಹೋದದ್ದು!

ಅದಕ್ಕಿಂತ ಸೊಗಸಾದದ್ದು ಕಡತ. ಇಂದು ಕಡತವೆಂದರೆ ಕಚೇರಿಯಲ್ಲಿ ಧೂಳು ತಿನ್ನುವ ಕಾಗದದ ಕಟ್ಟು. ಹಿಂದಿನ ಕಡತ ಬಟ್ಟೆಯದು. ಉದ್ದನೆಯ ಅರಿವೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಿಂದ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಇದನ್ನು ಆದರದಿಂದ ವರ್ಣಿಸಿದ್ದಾನೆ. ಕಡತ ಹರಿದರೆ ಇನ್ನೊಂದನ್ನು ಮಾಡಿಕೊಳ್ಳಬಹುದಿತ್ತು. ಹುಣಸೆಬೀಜ ಊರಲ್ಲೇ ಇತ್ತು, ಇದ್ದಿಲು ಒಲೆಯಲ್ಲೇ ಇತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಕಲ್ಲುಪಾಟಿ, ಕರಿಹಲಗೆ, ಗೋಡೆಯ ನಕಾಶೆ, ಅಚ್ಚಿನ ಪುಸ್ತಕ ಇವು ಇಂಗ್ಲಿಷರ ಕಾಲದಲ್ಲಿ ಬಂದವು. ಮುಂಬಯಿ ಕರ್ನಾಟಕದಲ್ಲಿ ಅವು ಬಂದದ್ದು ಕನ್ನಡದಲ್ಲಲ್ಲ, ಮರಾಠಿಯಲ್ಲಿ. ಕನ್ನಡ ಹುಡುಗನ ಕೈಯಲ್ಲಿ ಕನ್ನಡ ಪುಸ್ತಕವಿರಬೇಕೆಂದು ಡೆಪ್ಯೂಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಟ್ಟ ಪಾಡನ್ನು ಧಾರವಾಡದ ಜನ ಮರೆತಿಲ್ಲ. ವಿಜಾಪುರದ ಮಟ್ಟಿಗೆ ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಈ ವಕೀಲರು, ೧೯೨೫ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. ತಾಳೆಗರಿಯ ಕಟ್ಟುಗಳಲ್ಲಿದ್ದ ಶರಣರ ಮಾತು ಸಾಲೆಯ ಪಠ್ಯಪುಸ್ತಕದವರೆಗೆ ಬಂದದ್ದು ಇಂಥ ಮೊಳೆ ಮಸಿಗಳ ಪುಣ್ಯದಿಂದ. ನೀಲಮ್ಮನ ಗುಡಿಯ ಮುಂದೆ ಕುಳಿತವನು ಇದನ್ನು ಹೇಳದೆ ಮುಂದೆ ಹೋಗಲಾರ.

ರೇಡಿಯೋದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಧಾರವಾಡ ಆಕಾಶವಾಣಿ ೧೯೫೦ರ ಜನವರಿಯಲ್ಲಿ ಪ್ರಾರಂಭವಾಯಿತು. ಶಾಲೆಯ ಮಕ್ಕಳಿಗೆ ಪಾಠಗಳೂ ಬಂದವು. ಆದರೆ ನಾನು ಕಂಡ ಹಳ್ಳಿಗಳಲ್ಲಿ ರೇಡಿಯೋ ಇದ್ದದ್ದು ಸಾಲೆಯಲ್ಲಲ್ಲ, ಗೌಡರ ಮನೆಯಲ್ಲಿ ಇಲ್ಲವೆ ಪಂಚಾಯತಿ ಕಟ್ಟೆಯಲ್ಲಿ. ಪಾಠದ ಹೊತ್ತಿಗೆ ಗೌಡರು ಹೊಲಕ್ಕೆ ಹೋಗಿರುತ್ತಿದ್ದರು.

ಇನ್ನು ೧೯೭೫ಕ್ಕೆ ಬರೋಣ.

ಉಪಗ್ರಹದ ಮೂಲಕ ಹಳ್ಳಿಗೆ ಶಿಕ್ಷಣ ಮುಟ್ಟಿಸಬೇಕೆಂಬುದು ವಿಕ್ರಮ ಸಾರಾಭಾಯಿಯವರ ಕನಸು. ಪಟ್ಟಣದಿಂದ ಪಟ್ಟಣಕ್ಕೆ ಗೋಪುರ ಕಟ್ಟುತ್ತ ಹೊರಟರೆ ಹಳ್ಳಿಯ ಪಾಳಿ ಬರಲು ದಶಕಗಳು ಬೇಕು. ಆಕಾಶದಿಂದ ಇಳಿಸಿದರೆ ಹಳ್ಳಿಯೇ ಮೊದಲಾಗಬಹುದು ಎಂಬುದು ಅವರ ತರ್ಕ. ೧೯೬೯ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಸಾರಾಭಾಯಿಯವರು ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ಅಹಮದಾಬಾದಿನಲ್ಲಿ ಯಶ್‌ಪಾಲ್, ಚಿಟ್ನೀಸ್ ಮೊದಲಾದವರು ಅದನ್ನು ದಡ ಮುಟ್ಟಿಸಿದರು. ಎ.ಟಿ.ಎಸ್.–೬ ಎಂಬ ಅಮೆರಿಕದ ಉಪಗ್ರಹ ೧೯೭೪ರ ಮೇ ತಿಂಗಳಲ್ಲಿ ಮೇಲೇರಿತ್ತು. ಮರುವರ್ಷ ಅದನ್ನು ಆಫ್ರಿಕದ ಪೂರ್ವಭಾಗದ ನೆತ್ತಿಗೆ ಸರಿಸಿ, ಭಾರತ ಕಾಣುವಂತೆ ತಂದು ನಿಲ್ಲಿಸಿದರು. ೧೯೭೫ರ ಆಗಸ್ಟ್ ೧ರಂದು ಪ್ರಸಾರ ಆರಂಭ. ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗಿನ್ನೂ ಐದು ವಾರ ಕಳೆದಿತ್ತು. ಸಂಜೆಯ ಸುದ್ದಿಗಳಲ್ಲಿ ಏನಿರುತ್ತಿತ್ತು, ಏನಿರುತ್ತಿರಲಿಲ್ಲ ಎಂಬುದನ್ನು ಓದುಗರು ಊಹಿಸಬಲ್ಲರು.

ಆರು ರಾಜ್ಯಗಳಲ್ಲಿ ಸುಮಾರು ೨,೪೦೦ ಹಳ್ಳಿಗಳು. ನಮ್ಮ ರಾಜ್ಯದ ಪಾಲಿಗೆ ಮೇಲೆ ಹೇಳಿದ ಮೂರು ಜಿಲ್ಲೆ. ಇಂದಿನ ಬಾಗಲಕೋಟೆಯೂ ಆಗ ವಿಜಾಪುರ ಜಿಲ್ಲೆಯಲ್ಲಿಯೇ ಸೇರಿತ್ತು. ಮುಂಜಾನೆ ಒಂದೂವರೆ ತಾಸು ಮಕ್ಕಳಿಗೆ. ಅದರಲ್ಲಿ ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ನುಡಿಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ನನ್ನ ಸೋದರಮಾವ ಅಂಥದೊಂದು ಹಳ್ಳಿಯಲ್ಲಿ ಕನ್ನಡ ಸಾಲೆಯ ಮಾಸ್ತರರು. ನನಗೆ ಆಗ ಹತ್ತು ವರ್ಷ. ಆ ವರ್ಷ ಅವರ ಮನೆಯಲ್ಲಿಯೇ ಇದ್ದು ಕಲಿತೆ. ಸಾಲೆಯ ಬಯಲಿನಲ್ಲಿ ಒಂದು ದಿನ ಜೀಪು ಬಂದು ನಿಂತಿತು. ಹತ್ತು ಫೂಟು ಅಗಲದ, ಮಗುಚಿದ ಛತ್ರಿಯಂಥ ವಸ್ತುವನ್ನು ಇಳಿಸಿ ಜೋಡಿಸಿದರು. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಡಿಯುವ ತಂತಿಜಾಳಿಗೆಯಂಥದೇ. ಊರಿನ ಹಿರಿಯರು ಸುತ್ತ ನಿಂತು ನೋಡಿದರು. ‘ಕೋಳಿ ಎಲ್ಲಿ ಅದಾವು?’ ಎಂದು ಯಾರೋ ಕೇಳಿದ್ದು ನೆನಪಿದೆ. ಇಷ್ಟು ಅಗ್ಗದ ಸಾಮಾನಿನಿಂದ ಉಪಗ್ರಹದ ಸಂಕೇತವನ್ನು ನೇರವಾಗಿ ಹಳ್ಳಿಯಲ್ಲಿ ಹಿಡಿಯಬಹುದೆಂದು ತೋರಿಸಿದ್ದು ನಮ್ಮ ಎಂಜಿನಿಯರರ ದೊಡ್ಡ ಸಾಧನೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಉಪಗ್ರಹ ಸಂವಹನವನ್ನು ೧೯೪೫ರಲ್ಲಿಯೇ ಬರೆದು ತೋರಿಸಿದ್ದ ಆರ್ಥರ್ ಕ್ಲಾರ್ಕ್‌ಗೂ ಕೊಲಂಬೋದಲ್ಲಿ ಇಂಥದೇ ಒಂದು ಸೆಟ್ಟನ್ನು ಭಾರತದವರು ಕೊಟ್ಟಿದ್ದರಂತೆ. ಆ ವರ್ಷ ಆ ಮಹಾಶಯನೂ ನಾವೂ ಒಂದೇ ತರಗತಿಯಲ್ಲಿದ್ದೆವೆನ್ನಬೇಕು.

ಮಾವ ಆ ಪೆಟ್ಟಿಗೆಯ ಕೀಲಿಕೈಯನ್ನು ಜನಿವಾರದಂತೆ ಕೊರಳಲ್ಲಿ ಹಾಕಿಕೊಂಡು ತಿರುಗಿದರು. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಮೊದಲನೆಯ ವಾರದಲ್ಲಿಯೇ ಅವರು ನನ್ನ ಅಜ್ಜಿಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: ‘ಇದು ಹೇಳೂ ಮಾಸ್ತರ ಐತಬೇ. ಕೇಳೂ ಮಾಸ್ತರ ಅಲ್ಲ.’ ಅವರ ಸಂಕಟ ನನಗೆ ಆಗ ಅರ್ಥವಾಗಲಿಲ್ಲ. ಇಪ್ಪತ್ತೆರಡು ನಿಮಿಷ ಹುಡುಗರು ಬಾಯಿ ತೆರೆದು ಕುಳಿತಿರುತ್ತಿದ್ದರು. ಹಿಂದೆ ನಿಂತ ಮಾಸ್ತರರು ತಮ್ಮ ಸಾಲೆಯಲ್ಲಿ ತಾವೇ ಹೊರಗಿನವರಾಗಿದ್ದರು. ಹಡಗು ತೋರಿಸಿದರೆ, ಅದು ಹೇಗೆ ತೇಲುತ್ತದೆಂದು ಕೇಳುವಷ್ಟರಲ್ಲಿ ಒಂಟೆ ಬಂದಿರುತ್ತಿತ್ತು. ಕರೆಂಟು ಹೋದ ದಿನ ಹುಡುಗರಿಗೆ ದುಃಖ, ಮಾವನಿಗೆ ಒಳಗೊಳಗೇ ಸಂತೋಷ.

ನುಡಿಯ ಮಾತನ್ನೂ ಹೇಳಬೇಕು. ಅಜ್ಜಿ ಒಂದು ಸಂಜೆ ಕಾರ್ಯಕ್ರಮ ನೋಡಿ ಬಂದು, ‘ಅದ್ಯಾಕ ಪುಸ್ತಕ ಓದಿದಾಂಗ ಮಾತಾಡತೈತಿ?’ ಎಂದು ಕೇಳಿದಳು. ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಇದು ತೆಲುಗರಿಗೂ ನಮಗೂ ಒಂದೇ ಚಿತ್ರ ತೋರಿಸಿ ಬೇರೆ ಬೇರೆ ಮಾತು ಕೇಳಿಸಬಹುದಾದ ಅನುಕೂಲ. ಅನುಕೂಲವೇನೋ ನಿಜ; ಆದರೆ ಜೋಳದ ಸೀಮೆಯ ಹುಡುಗ ತನ್ನ ಹೊಲವನ್ನೂ ತನ್ನ ಮಾತನ್ನೂ ಆ ಪೆಟ್ಟಿಗೆಯಲ್ಲಿ ಕಾಣುವ ಸಂಭವ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಡೆಪ್ಯೂಟಿ ಚನ್ನಬಸಪ್ಪನವರ ಹೋರಾಟದ ಇನ್ನೊಂದು ಅಧ್ಯಾಯ ಇದು ಎಂದರೆ ಅತಿಶಯೋಕ್ತಿಯಾಗಬಹುದೇನೋ. ಹೋಲಿಕೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಅಕ್ಟೋಬರ್ ಸೂಟಿ ಬಂತು. ಆಗ ಮಾಸ್ತರರಿಗಾಗಿ ಹನ್ನೆರಡು ದಿನದ ತರಬೇತಿ. ಸೈಟ್ ಎಂದು ಹೆಸರಾದ ಈ ಇಡೀ ಪ್ರಯೋಗದಲ್ಲಿ ಜನ ಅತಿ ಕಡಿಮೆ ನೆನೆಯುವ ಭಾಗ ಇದು. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ನೆನೆಯಬೇಕಾದದ್ದೂ ಇದೇ. ಅಂದು ಮತ್ತು ಮರುವರ್ಷದ ಬೇಸಿಗೆಯಲ್ಲಿ, ಎರಡು ಸಲವೂ ಕೂಡಿ ಸುಮಾರು ೪೮,೦೦೦ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ, ಗಣಿತ ಕಲಿಸುವ ಬಗೆಯನ್ನು ಹೇಳಿಕೊಡಲಾಯಿತು. ಬರಿಯ ಟೀವಿಯಲ್ಲ, ಜೊತೆಗೆ ರೇಡಿಯೋ, ಅಚ್ಚಿನ ಹಾಳೆಗಳು, ಕೈಯಿಂದ ಮಾಡಿ ನೋಡುವ ಕೆಲಸ, ಮತ್ತು ಮುಖ್ಯವಾಗಿ, ಪ್ರಶ್ನೆ ಕೇಳಿದರೆ ಉತ್ತರ ಹೇಳಲು ಎದುರಿಗೆ ಒಬ್ಬ ಮನುಷ್ಯ.

ಮಾವ ಗೊಣಗುತ್ತ ಹೋದರು. ಬರುವಾಗ ಬೇರೆ ಮನುಷ್ಯರಾಗಿ ಬಂದರು. ಸೂಟಿ ಮುಗಿದ ಮೊದಲ ದಿನ ದಾರಕ್ಕೆ ಕಲ್ಲು ಕಟ್ಟಿ ಬೇವಿನ ಟೊಂಗೆಗೆ ಜೋತುಬಿಟ್ಟರು. ಒಬ್ಬ ಹುಡುಗ ತೂಗಾಟ ಎಣಿಸಬೇಕು, ಇನ್ನೊಬ್ಬ ತನ್ನ ನಾಡಿ ಎಣಿಸಬೇಕು. ಕಲ್ಲು ದೊಡ್ಡದಾದರೆ ನಿಧಾನವಾಗುತ್ತದೋ, ದಾರ ಉದ್ದವಾದರೆ ನಿಧಾನವಾಗುತ್ತದೋ? ನಾವೆಲ್ಲ ಕಲ್ಲೆಂದೆವು. ಮಾವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ‘ಮಾಡಿ ನೋಡ್ರಿ’ ಎಂದು ಹೇಳಿ ಕಟ್ಟೆಯ ಮೇಲೆ ಕುಳಿತರು. ನಾವು ಮಾಡಿ ನೋಡಿದೆವು; ಸೋತೆವು; ದಾರವೇ ಗೆದ್ದಿತು. ನಾನು ವಿಜ್ಞಾನವೆಂಬ ಪದಾರ್ಥವನ್ನು ಮುಟ್ಟಿದ್ದು ಆ ದಿನ. ಆಮೇಲೆ ಕಂಬದ ನೆರಳನ್ನು ಅಳೆದೆವು, ಬೆಂಡಿನ ತಕ್ಕಡಿ ಮಾಡಿದೆವು, ನೀರಿನಲ್ಲಿ ತತ್ತಿ ಹಾಕಿ ಉಪ್ಪು ಕಲಸುತ್ತ ಅದು ಮೇಲೇಳುವುದನ್ನು ನೋಡಿದೆವು. ಹಡಗು ಹೇಗೆ ತೇಲುತ್ತದೆಂಬ ನನ್ನ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಆ ತತ್ತಿಯಲ್ಲಿ ಸಿಕ್ಕಿತು. ತತ್ತಿಯನ್ನು ಆಮೇಲೆ ಯಾರು ತಿಂದರೆಂಬುದು ಬೇರೆ ಜಗಳ.

ಅಲ್ಲಿಂದ ಮುಂದೆ ಮಾವನಿಗೂ ಪೆಟ್ಟಿಗೆಗೂ ರಾಜಿಯಾಯಿತು. ಪಾಠ ಮುಗಿದೊಡನೆ ಗುಂಡಿ ತಿರುವಿ ಆರಿಸಿ, ‘ಈಗ ನಾ ಕೇಳತೇನಿ’ ಎನ್ನುತ್ತಿದ್ದರು. ಹೇಳುವ ಮಾಸ್ತರನೂ ಕೇಳುವ ಮಾಸ್ತರನೂ ಕೂಡಿ ನಡೆಸಿದ ಆ ಒಂಬತ್ತು ತಿಂಗಳ ಸಾಲೆಯಂಥದನ್ನು ನಾನು ಮತ್ತೆ ಕಂಡಿಲ್ಲ.

೧೯೭೬ರ ಜುಲೈ ೩೧ಕ್ಕೆ ಪ್ರಸಾರ ಮುಗಿಯಿತು. ಅಂದು ಶನಿವಾರ. ಸೋಮವಾರ ಮುಂಜಾನೆ ನಾವು ಹುಡುಗರು ರೂಢಿಯಂತೆ ಹೋಗಿ ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತೆವು. ಮಾವ ಗುಂಡಿ ತಿರುವಿದರು. ಬರಿಯ ಸುಣ್ಣದ ಹಿಟ್ಟು ಉದುರಿದಂಥ ಬೆಳಕು, ಮಳೆಯಂಥ ಸದ್ದು. ಮುಗಿಯುತ್ತದೆಂಬುದು ಅವರಿಗೆ ಗೊತ್ತಿತ್ತು. ಆದರೂ ಒಮ್ಮೆ ನೋಡಬೇಕೆನಿಸಿರಬೇಕು. ಉಪಗ್ರಹ ಅಮೆರಿಕದವರದು. ಮದುವೆಗೆ ಎರವು ತಂದ ಹಂಡೆಯನ್ನು ಮದುವೆ ಮುಗಿದ ಮೇಲೆ ಹಿಂದಿರುಗಿಸಬೇಕಲ್ಲ! ಅದನ್ನು ಮತ್ತೆ ಪಶ್ಚಿಮ ಗೋಳದ ಕಡೆಗೆ ಸರಿಸಿಕೊಂಡು ಹೋದರು. ೧೯೭೭ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಕೇಂದ್ರ ಸ್ಥಾಪನೆಯಾಗಿ ಎಷ್ಟೋ ಹಳ್ಳಿಗಳಿಗೆ ಟೀವಿ ಮರಳಿ ಬಂತು. ನಮ್ಮ ಮಾವನ ಊರು ಅದರ ಹರವಿಗೆ ಸಿಗಲಿಲ್ಲ. ಎರಡು ವರ್ಷದ ಮೇಲೆ ನಾನು ಹೋದಾಗ ಆ ತಂತಿಯ ಛತ್ರಿಯ ಮೇಲೆ ಹೀರೇಬಳ್ಳಿ ಹಬ್ಬಿ, ಕಾಯಿ ಜೋತಾಡುತ್ತಿದ್ದವು. ಬೇವಿನ ಟೊಂಗೆಗೆ ದಾರವೂ ಕಲ್ಲೂ ಇದ್ದವು.

ಸೈಟಿನಿಂದ ಆದದ್ದೇನು? ಪ್ರಯೋಗದ ಕಾಲದಲ್ಲಿ ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ವಾಸವಾಗಿದ್ದು ನೋಡಿದ್ದರು, ಸಮೀಕ್ಷೆಗಳೂ ನಡೆದವು. ಸಾಲೆಗೆ ಬರುವ ಮಕ್ಕಳ ಸಂಖ್ಯೆ ಅದರಿಂದ ಹೆಚ್ಚಲಿಲ್ಲ, ಬಿಡುವವರ ಸಂಖ್ಯೆ ಇಳಿಯಲಿಲ್ಲ, ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಭಾಷೆಯಲ್ಲಿ. ಟೀವಿ ನೋಡಿದ ಮಕ್ಕಳ ಮಾತು ಬೆಳೆದಿತ್ತು. ಪುಸ್ತಕದಾಚೆಗೂ ತಿಳಿವು ಹುಡುಕುವ ಆಸೆ ಹುಟ್ಟಿತ್ತು. ಇದು ಸಣ್ಣ ಫಲವೆಂದು ಅಂದಿನ ಕೆಲವರು ಮೂಗು ಮುರಿದರು. ನನಗೆ ಹಾಗೆನಿಸುವುದಿಲ್ಲ. ಸಮುದ್ರವೆಂಬ ಮಾತಿಗೆ ಅಂದಿನವರೆಗೆ ನನ್ನ ತಲೆಯಲ್ಲಿ ಚಿತ್ರವಿರಲಿಲ್ಲ. ದೊಡ್ಡ ಕೆರೆ ಎಂದುಕೊಂಡಿದ್ದೆ. ಕಪ್ಪುಬಿಳುಪಾದರೇನು, ದಂಡೆ ಕಾಣದ ನೀರನ್ನು ಕಂಡವನು ಆಮೇಲೆ ಮೊದಲಿನ ಹುಡುಗನಾಗಿ ಉಳಿಯುವುದಿಲ್ಲ.

ಮುಂದಿನದನ್ನು ಓದುಗರು ಕಂಡೇ ಇದ್ದಾರೆ. ೧೯೮೪ರಿಂದ ಕೆಲವು ನೂರು ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಯಂತ್ರಗಳು ಬಂದವು. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿತು. ಈ ಸಲ ಎರವಲಲ್ಲ, ನಮ್ಮದೇ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ಗಣಕಯಂತ್ರದ ವಿಷಯದಲ್ಲಿ ನನ್ನ ಅನುಭವ ಒಂದೇ: ಒಂದು ಊರಿನ ಸಾಲೆಯಲ್ಲಿ ಅದಕ್ಕೆ ಕಸೂತಿ ಹಾಕಿದ ಮುಸುಕು ಹೊದಿಸಿ, ಕುಂಕುಮ ಹಚ್ಚಿ ಇಟ್ಟಿದ್ದರು. ಕೆಟ್ಟರೆ ಯಾರು ತುಂಬಿಕೊಡಬೇಕೆಂಬ ಭಯದಿಂದ ಯಾರೂ ಮುಟ್ಟುತ್ತಿರಲಿಲ್ಲ. ಮಾಸ್ತರರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹುಣಸೆಬೀಜದಿಂದ ಮತ್ತೊಂದನ್ನು ಮಾಡಿಕೊಳ್ಳುವಂಥ ವಸ್ತುವಲ್ಲವಲ್ಲ ಅದು.

ಆದರೆ ೨೦೨೦ನ್ನು ಹಾರಿಸಿ ಹೋಗುವಂತಿಲ್ಲ. ಮಾರ್ಚಿನಲ್ಲಿ ಸಾಲೆಗಳು ಮುಚ್ಚಿದವು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ನಲವತ್ತೈದು ವರ್ಷದ ಮೇಲೆ ಆಕಾಶದ ಮಾಸ್ತರು ಮತ್ತೆ ಬಂದ. ಈ ಸಲ ಬಣ್ಣವಿತ್ತು, ಕನ್ನಡ ಕರ್ನಾಟಕದ್ದೇ ಆಗಿತ್ತು. ಆದರೆ ಗುಂಡಿ ಆರಿಸಿ ‘ಈಗ ನಾ ಕೇಳತೇನಿ’ ಎನ್ನುವವರು ಮಕ್ಕಳ ಹತ್ತಿರವಿರಲಿಲ್ಲ. ನನ್ನ ಮಾವನ ಮಗಳು ಈಗ ಅದೇ ವೃತ್ತಿಯಲ್ಲಿದ್ದಾಳೆ. ಆಗ ಅವಳು ಫೋನಿನಲ್ಲಿ ನನಗೆ ಹೇಳಿದ್ದು: ‘ಫೋನು ಅಪ್ಪನ ಕಿಸೇದಾಗ, ಅಪ್ಪ ಹೊಲದಾಗ. ನಾ ಕಳಿಸಿದ ಪಾಠ ಎತ್ತುಗೋಳು ಕೇಳಬೇಕು.’ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಸ್ಮಾರ್ಟ್ ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರು ಗುಡಿಯ ಪಡಸಾಲೆಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು. ಸಣ್ಣ ಮಕ್ಕಳ ತರಗತಿಗಳು ತೆರೆದದ್ದು ೨೦೨೧ರ ಅಕ್ಟೋಬರಿನಲ್ಲಿ. ಮರಳಿ ಬಂದ ಮೂರನೇ ಇಯತ್ತೆಯ ಮಕ್ಕಳಿಗೆ ತಮ್ಮ ಹೆಸರಿನ ಒತ್ತಕ್ಷರ ಬರುತ್ತಿರಲಿಲ್ಲವೆಂದು ಹೇಳುವಾಗ ಅವಳ ಧ್ವನಿ ಇಳಿದಿತ್ತು. ಅಂದು ಹಾಗೆ ಸಾಲೆ ಬಿಟ್ಟು ದುಡಿಯಲು ಹೋದ ದೊಡ್ಡ ಹುಡುಗರಲ್ಲಿ ಕೆಲವರು ಇಂದಿಗೂ ತಿರುಗಿ ಬಂದಿಲ್ಲವಂತೆ.

ತಂಗಡಗಿಯ ಹುಡುಗಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ.

ಫೋನಿನಲ್ಲಿ ಸಮುದ್ರ ತೋರಿಸಿದರು, ಆಮೇಲೆ? ಎಂದು ಕೇಳಿದೆ.

‘ಆಮ್ಯಾಲೆ ಎಲ್ಲಾರನ್ನೂ ಇಲ್ಲಿಗೆ ಕರಕೊಂಡು ಬಂದ್ರು. ಈ ಹೊಳಿ ನೀರ ಅಲ್ಲಿಗೆ ಹೋಗತೈತಿ ಅಂದ್ರು.’ ಅವಳು ಒಂದು ಕಡ್ಡಿಯನ್ನು ನೀರಿಗೆ ಎಸೆದಳು. ಅದು ಹೆಚ್ಚು ದೂರ ಹೋಗಲಿಲ್ಲ. ನಾರಾಯಣಪುರದ ಹಿನ್ನೀರಿನಿಂದಾಗಿ ಹೊಳೆ ಇಲ್ಲಿ ನಿಂತ ಹಾಗೆಯೇ ಕಾಣುತ್ತದೆ. ‘ಎಷ್ಟ ದಿನಕ್ಕ ಹೋಗಿ ಮುಟ್ಟತೈತ್ರೀ?’

ನಾನು ಮನಸ್ಸಿನಲ್ಲಿಯೇ ನಾರಾಯಣಪುರ, ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ ಎಂದು ಅಣೆಕಟ್ಟುಗಳನ್ನು ಎಣಿಸುತ್ತ ಹಂಸಲದೀವಿಯವರೆಗೆ ಹೋದೆ. ಉತ್ತರ ಸಿಗಲಿಲ್ಲ. ‘ನ‌ನಗ ತಿಳೀವಲ್ದು. ನಿಮ್ಮ ಅಕ್ಕೋರನ್ನ ಕೇಳವಾ’ ಎಂದೆ.

‘ಕೇಳೇನ್ರೀ. ಅವರಿಗೂ ಗೊತ್ತಿಲ್ಲಂತ. ಸೋಮಾರ ಎಲ್ಲಾರೂ ಕೂಡಿ ಲೆಕ್ಕ ಮಾಡೂಣು ಅಂದಾರ’ ಎಂದು ಹೇಳಿ, ಅಜ್ಜಿ ಕರೆದಳೆಂದು ಓಡಿಹೋದಳು.